ಪಂಪು ಬರೆದ ಹೃದಯ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ಕತೆ ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿರಬೇಕು. ಬೇರೆಯವರ ಕತೆಯಲ್ಲಿ ಹೀರೋ ಬಂದರೆ ಧೂಳು ಏಳುತ್ತದೆ. ನನ್ನ ಕತೆಯಲ್ಲಿ ಓದುವವರೇ ಎದ್ದು ನಿಲ್ಲುತ್ತಾರೆ. ಇನ್ನೊಂದು ಮಾತು. ಊರಿಗೆಲ್ಲ ಟೋಪಿ ಹಾಕುವವನು ನಾನು. ನನಗೆ ಟೋಪಿ ಹಾಕುವ ಕೈ ಈವರೆಗೆ ಸಿಕ್ಕಿಲ್ಲ. ಈಗ ಹೇಳಹೊರಟಿರುವ ಗಲಾಟೆಯಲ್ಲೂ ನಾನು ದಡದ ಮೇಲೆ ನಿಂತು ನೋಡಿದವನೇ ಹೊರತು ಕಾಲು ನೆನೆಸಿಕೊಂಡವನಲ್ಲ.

ನೀರಿಗೆ ಬಿದ್ದವನು ಪಂಪು.

ಪಂಪು ಮೆಡಿಕಲ್ ಕಾಲೇಜಿನ ಹುಡುಗ. ಮೊದಲ ದಿನದ ಕ್ಲಾಸಿನಲ್ಲಿ ಅನಾಟಮಿ ಮೇಡಂ “ಹೃದಯ ಅಂದ್ರೇನು?” ಅಂತ ಕೇಳಿದಾಗ ಇವನು ಎದ್ದು ನಿಂತು “ಪಂಪು, ಮೇಡಂ” ಅಂದಿದ್ದ. “ಎಂಥ ಪಂಪು?” ಅಂದರು. “ಒಂದೂವರೆ ಹಾರ್ಸ್‌ಪವರ್ ಇರಬಹುದು, ಮೇಡಂ” ಅಂದ. ಅವತ್ತಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಮೇಡಮ್ಮಿಗೂ ಹುಡುಗರು ಒಂದು ಹೆಸರಿಟ್ಟಿದ್ದರು: ಕವಾಟ ಮೇಡಂ. ಹೃದಯದ ಕವಾಟ ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತದಲ್ಲ, ಹಾಗೆ ಅವರ ಎದುರು ಮಾತು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಅವರಿಂದ ನಿಮ್ಮ ಕಡೆಗೆ. ವಾಪಸ್ ಹೋಗುವ ಪ್ರಶ್ನೆಯೇ ಇಲ್ಲ.

ವರ್ಷದ ಪರೀಕ್ಷೆಯಲ್ಲಿ ಹದಿನೈದು ಜನ ಢುಮ್ಕಿ ಹೊಡೆದಿದ್ದರು. ಪಂಪು ಅವರಲ್ಲಿ ಒಬ್ಬ, ಅವನ ರೂಮ್‌ಮೇಟ್ ಡೈಲಾಗು ಇನ್ನೊಬ್ಬ. ಡೈಲಾಗು ಹಲ್ಲುಜ್ಜುವಾಗಲೂ ಸಿನಿಮಾ ಶೈಲಿಯಲ್ಲೇ ಮಾತಾಡುವ ಪ್ರಾಣಿ. ಈ ಹದಿನೈದು ಜನಕ್ಕೆ ಗಲಾಟೆ ನಡೆದ ದಿನ ಬೆಳಿಗ್ಗೆ ಹತ್ತಕ್ಕೆ ಮರುಪರೀಕ್ಷೆ. ಇದರಲ್ಲೂ ಹೋದರೆ ಪಂಪು ಒಂದು ವರ್ಷ ಮನೆಯಲ್ಲಿ ಕೂರಬೇಕು. ಕೂರುವ ಜಾಗವನ್ನೂ ಅವನ ಸೋದರಮಾವ ಆಗಲೇ ಗೊತ್ತುಮಾಡಿ ಇಟ್ಟಿದ್ದರು: ಟೈರ್ ಅಂಗಡಿಯ ಸ್ಟೂಲು.

“ಪಾಸಾದ್ರೆ ಡಾಕ್ಟ್ರು, ಇಲ್ಲಾಂದ್ರೆ ಪಂಕ್ಚರು. ಬೇಜಾರೇನಿಲ್ಲ ಕಣಪ್ಪ, ಎರಡೂ ಉಸಿರು ತುಂಬೋ ಕೆಲ್ಸಾನೇ” ಅಂತ ಆರು ಗಂಟೆಗೇ ಫೋನ್ ಮಾಡಿ ಹರಸಿದ್ದರು ಮಾವ.

ಪಂಪುವಿಗೆ ತಲೆಯಲ್ಲಿ ನಿಲ್ಲದಿದ್ದದ್ದು ಒಂದೇ ಪ್ರಶ್ನೆ. ಶರ್ಟು ಬಿಚ್ಚಿ ನಿಂತ ಮನುಷ್ಯನ ಎದೆಯ ಮೇಲೆ, ಒಳಗಿರುವ ಹೃದಯ ಎಲ್ಲಿಂದ ಎಲ್ಲಿಯವರೆಗಿದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಬೇಕು. ನಾಲ್ಕು ಚುಕ್ಕಿ ಇಡಬೇಕು. ಎರಡನೇ ಪಕ್ಕೆಲುಬಂತೆ, ಮೂರನೆಯದಂತೆ, ಆರನೆಯದಂತೆ, ಪಕ್ಕೆಲುಬುಗಳ ನಡುವಿನ ಐದನೇ ಸಂದಂತೆ. ಪಂಪುವಿಗೆ ಇದು ಬಸ್ಸಿನ ನಂಬರುಗಳ ಹಾಗೆ ಕಲಸಿಹೋಗುತ್ತಿತ್ತು.

“ಮಚ್ಚಾ,” ಅಂದ ಡೈಲಾಗು, ಬ್ರಷ್ಷನ್ನು ಕತ್ತಿಯ ಹಾಗೆ ಎತ್ತಿ. “ಹೃದಯ ಅನ್ನೋದು ಓದೋರಿಗೆ ಸಿಗಲ್ಲ, ಎದೆ ಮೇಲೆ ಬರ್ಕೊಳ್ಳೋರಿಗೆ ಸಿಗುತ್ತೆ! ನಿನ್ನ ಎದೆ ಮೇಲೆ ನೀನೇ ಬರ್ಕೋ. ಅಲ್ಲಿ ಮರೆತ್ರೆ ಶರ್ಟಿನ ಕತ್ತಲ್ಲಿ ಬಗ್ಗಿ ನೋಡು. ಕೆಮ್ಮಿದ ಹಾಗೆ.”

“ಆಮೇಲೆ ಅಳಿಸೋದು ಹೇಗೋ?”

“ಹಸಿರು ಮುಚ್ಚಳದ ಪೆನ್ನು ತಗೋ. ಮೈಮೇಲೆ ಬರೆಯೋಕೇ ಮಾಡಿರೋದು. ನೀರು ಕಂಡ್ರೆ ಓಡಿಹೋಗುತ್ತೆ.”

ಪಂಪು ಪುಸ್ತಕವನ್ನು ಕನ್ನಡಿಯ ಪಕ್ಕ ನಿಲ್ಲಿಸಿ, ಬನಿಯನ್ ತೆಗೆದು, ಬರೆಯತೊಡಗಿದ. ಪುಸ್ತಕದ ಚಿತ್ರದಲ್ಲಿ ಹೃದಯದ ಚೂಪು ತುದಿ ಬಲಗೈ ಕಡೆಗಿತ್ತು. ಇವನೂ ಕನ್ನಡಿಯಲ್ಲಿ ಬಲಗೈ ಕಡೆಗೇ ತುದಿ ಎಳೆದ. ನಾಲ್ಕು ಕವಾಟಕ್ಕೆ ನಾಲ್ಕು ಗುಂಡು, ರಕ್ತ ಹೋಗುವ ದಾರಿಗೆ ಬಾಣ. ಅರ್ಧ ಗಂಟೆಯಲ್ಲಿ ಎದೆ ರೈಲ್ವೆ ನಕ್ಷೆಯಾಯಿತು. ಪೆನ್ನನ್ನು ಶರ್ಟಿನ ಜೇಬಿಗೆ ಸಿಕ್ಕಿಸಿ ತನ್ನ ಕಲೆಯನ್ನು ತಾನೇ ಮೆಚ್ಚಿಕೊಂಡು ನಿಂತ.

ಡೈಲಾಗು ಸ್ನಾನ ಮುಗಿಸಿ ಬಂದು ನೋಡಿದವನು ನೆಲಕ್ಕೆ ಕೂತು ನಕ್ಕ.

“ಲೋ ಪಂಪು! ಹೃದಯ ಎಡಗಡೆ ಇರುತ್ತೆ ಕಣೋ. ನೀನು ಬಲಗಡೆ ಬರ್ದಿದೀಯ!”

“ಪುಸ್ತಕದಲ್ಲಿ ಇರೋ ಥರಾನೇ ಬರ್ದಿದೀನಿ.”

“ಪುಸ್ತಕದಲ್ಲಿರೋನು ನಿನ್ನ ಎದುರಿಗೆ ನಿಂತಿದಾನೆ ಗೂಬೆ, ಅವನ ಎಡ ನಿನ್ನ ಬಲಕ್ಕೆ ಬರುತ್ತೆ. ಕನ್ನಡೀಲಿ ನಿನ್ನ ಬಲ ಬಲಕ್ಕೇ ಇರುತ್ತೆ!”

ಪಂಪು ಪುಸ್ತಕ ನೋಡಿದ, ಕನ್ನಡಿ ನೋಡಿದ, ತನ್ನ ಎರಡು ಕೈ ನೋಡಿಕೊಂಡ. ಮುಖ ಗಾಳಿ ಬಿಟ್ಟ ಟ್ಯೂಬಿನ ಹಾಗಾಯಿತು. ಬಚ್ಚಲಿಗೆ ಓಡಿ ನೀರು ಸುರಿದುಕೊಂಡ. ಹೃದಯ ಅಲುಗಲಿಲ್ಲ. ಸೋಪು ಹಚ್ಚಿದ. ಹೃದಯ ಇನ್ನೂ ಫಳಫಳ ಅಂತ ಹೊಳೆಯಿತು. ಟೂತ್‌ಪೇಸ್ಟು ಉಜ್ಜಿದ. ಹೃದಯಕ್ಕೆ ಪುದೀನ ವಾಸನೆ ಬಂತು, ಅಷ್ಟೇ.

“ನಿನ್ನ ಚರ್ಮ ಇಂಕು ಕುಡಿಯೋ ಜಾತಿ ಇರಬೇಕು” ಅಂದ ಡೈಲಾಗು, ಚಾವಣಿ ನೋಡುತ್ತ.

“ಹೋಗ್ಲಿ ಬಿಡು. ಶರ್ಟಿನ ಒಳಗೆ ಯಾರು ನೋಡ್ತಾರೆ” ಅಂತ ಪಂಪು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕ್ಲಾಸಿನ ಗ್ರೂಪಿಗೆ ಮೇಡಂ ಮೆಸೇಜು ಬಂತು.

ಈ ಪರೀಕ್ಷೆಗೆ ಮಾಮೂಲಾಗಿ ಎದೆ ಕೊಡುವುದು ವಿಭಾಗದ ಅಟೆಂಡರು. ಹುಡುಗರು ಅವನನ್ನು ಎದೆಯಣ್ಣ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಎಲ್ಲ ಬ್ಯಾಚಿನವರೂ ಬರೆದು ಒರೆಸಿ ಅವನ ಎದೆ ಕರಿಹಲಗೆಗಿಂತ ಸವೆದಿದೆ. ಆ ಎದೆಯಣ್ಣನಿಗೆ ಜ್ವರ. ಆದ್ದರಿಂದ ಇವತ್ತು ಹುಡುಗರಲ್ಲೇ ಒಬ್ಬ ಶರ್ಟು ಬಿಚ್ಚಿ ನಿಲ್ಲಬೇಕು. ಪಟ್ಟಿಯಲ್ಲಿ ಮೊದಲ ಹೆಸರಿನವನು. ಮೊದಲ ಹೆಸರು ಪಂಪುವಿನದು.

ಪರೀಕ್ಷೆಗೆ ಮೈಮೇಲೆ ಬರೆದುಕೊಂಡು ಬಂದವರನ್ನು ಕವಾಟ ಮೇಡಂ ಏನು ಮಾಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಕಾಪಿ ಕೇಸು. ಒಂದಲ್ಲ, ಎರಡು ವರ್ಷ ಸ್ಟೂಲು.

“ಡೈಲಾಗೂ, ಏನಾದ್ರೂ ಮಾಡೋ!”

“ಮಚ್ಚಾ, ಈ ಎದೆ ಮೇಲೆ ಬಿದ್ದ ಗೆರೆ ಕಾಲ ಬಂದ್ರೂ ಅಳಿಸಲ್ಲ, ಕಾಲಯಮ ಬಂದ್ರೂ ಅಳಿಸಲ್ಲ! ಢಣ್ ಢಣಾ ಢಣ್!” ಅಂತ ಬಾಯಲ್ಲೇ ಮ್ಯೂಸಿಕ್ ಹಾಕಿ, ಡೈಲಾಗು ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೊರಟೇಬಿಟ್ಟ. ಇಂಥವರಿಗೇ ಪ್ರಾಣಸ್ನೇಹಿತರು ಅನ್ನುವುದು. ಪ್ರಾಣ ಹೋಗುವಾಗ ಇರುವುದಿಲ್ಲ.

ಬಚ್ಚಲಿನ ಗದ್ದಲ ಕೇಳಿ ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. “ಎಷ್ಟು ಬಕೆಟ್ಟೋ ಸುರಿಯೋದು? ಟ್ಯಾಂಕು ಖಾಲಿ ಮಾಡ್ತೀಯಾ?” ಅಂತ ಶುರುಮಾಡಿದವರು ಪಂಪುವಿನ ಎದೆ ನೋಡಿ ಬಾಗಿಲು ಹಿಡಿದುಕೊಂಡರು.

“ಅಯ್ಯೋ ಮಗನೇ! ಏನೋ ಇದು, ಹುಳ ಕಡಿದಿದ್ಯಾ?”

“ಇಲ್ಲ ಆಂಟಿ, ಹೃದಯ. ಪರೀಕ್ಷೆಗೆ ಬರ್ಕೊಂಡೆ. ಅಳಿಸ್ಬೇಕು.”

“ಈ ಗುಂಡುಗಳೇನು?”

“ಅವು ಕವಾಟಗಳು. ಹೃದಯದಲ್ಲಿ ನಾಲ್ಕು ರೂಮು ಆಂಟಿ, ಮೇಲೆ ಎರಡು, ಕೆಳಗೆ ಎರಡು. ಮೇಲಿನ ರೂಮಿಂದ ಕೆಳಗಿನ ರೂಮಿಗೆ ರಕ್ತ ಬರುತ್ತೆ, ಬಾಗಿಲು ಮುಚ್ಚಿಕೊಳ್ಳುತ್ತೆ. ಆ ಬಾಗಿಲು ಬಡಿಯೋ ಸದ್ದೇ ಲಬ್. ಅಲ್ಲಿಂದ ರಕ್ತ ಹೊರಗೆ ಹೋದ್ಮೇಲೆ ಆಚೆ ಬಾಗಿಲು ಮುಚ್ಚಿಕೊಳ್ಳುತ್ತೆ. ಅದು ಡಬ್.”

“ನೀವೂ ಹಾಗೇ ಬಾಗಿಲು ಬಡೀತೀರಲ್ಲ ಇಬ್ಬರೂ, ರಾತ್ರಿ ಹನ್ನೊಂದಕ್ಕೆ! ಬಾ ಇಲ್ಲಿ.” ಆಂಟಿ ಪಾತ್ರೆ ಉಜ್ಜುವ ಸ್ಟೀಲ್ ನಾರು, ಪುಡಿ ತಂದು, ತಳ ಹಿಡಿದ ಹಾಲಿನ ಪಾತ್ರೆಯನ್ನು ತಿಕ್ಕುವಂತೆ ಪಂಪುವನ್ನು ತಿಕ್ಕಿದರು. ಪಂಪುವಿನ ಕಣ್ಣಲ್ಲಿ ನೀರು ಬಂತು. ಎದೆ ಟೊಮೇಟೊ ಆಯಿತು. ಹೃದಯ ಟೊಮೇಟೊ ಮೇಲೆ ಇನ್ನೂ ಚೆನ್ನಾಗಿ ಎದ್ದು ಕಂಡಿತು.

“ಹೆದರಬೇಡ್ವೋ,” ಅಂದರು ಆಂಟಿ, ಕೈ ನಿಲ್ಲಿಸಿ. “ನೋಡು, ಹೆದರಿಕೆಗೆ ಚಿತ್ರಾನೇ ಕುಣೀತಾ ಇದೆ.”

ಆಂಟಿಗೆ ಸೋಲು ಒಪ್ಪಿ ಅಭ್ಯಾಸವಿಲ್ಲ. ಎದುರು ಮನೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಮಾಮನನ್ನು ಕೂಗಿ ಕರೆದರು. ಪೇಂಟರ್ ಮಾಮ ಏಣಿ ಇಳಿದು, ಕಿವಿಯ ಬೀಡಿ ಸರಿಮಾಡಿಕೊಂಡು ಬಂದ. ಗೋಡೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಪಂಪುವಿನ ಎದೆ ನೋಡಿದ. ಬೆರಳ ಗೆಣ್ಣಿನಿಂದ ತಟ್ಟಿದ.

“ಇದು ಡಬ್ಬದ ಮೇಲೆ ವಿಳಾಸ ಬರೆಯೋ ಮಾರ್ಕರು ತಮ್ಮಾ. ಮಳೆಗೆ ಹೋಗಲ್ಲ, ಬಿಸಿಲಿಗೆ ಹೋಗಲ್ಲ.”

“ಇಲ್ಲ ಮಾಮ, ಹಸಿರು ಮುಚ್ಚಳದ್ದು. ಮೈಮೇಲೆ ಬರೆಯೋದೇ.”

“ಮುಚ್ಚಳ ನೋಡಿ ಡಬ್ಬಿ ನಂಬಿದೋರೆಲ್ಲ ಹಾಳಾಗಿದಾರೆ,” ಅಂದ ಪೇಂಟರ್ ಮಾಮ. “ಥಿನ್ನರ್ ಹಾಕಿ ಉಜ್ಜಲಾ? ಇಂಕು ಹೋಗುತ್ತೆ. ಚರ್ಮಾನೂ ಹೋಗುತ್ತೆ.”

“ಬೇಡ ಮಾಮ!”

“ಹಂಗಾದ್ರೆ ಮುಚ್ಚೋದೇ ದಾರಿ. ಎರಡು ಕೋಟು ಬೇಕಾಗುತ್ತೆ.”

ಅವನ ಹತ್ತಿರ ಇದ್ದದ್ದು ಎದುರು ಮನೆಯ ಹಾಲ್‌ಗೆ ಹಚ್ಚುತ್ತಿದ್ದ ಬಿಸ್ಕತ್ತು ಬಣ್ಣ. ಪಂಪುವಿನ ಬಣ್ಣ ಅದಕ್ಕಿಂತ ಎರಡು ಪಟ್ಟು ಗಾಢ. ಪೇಂಟರ್ ಮಾಮ ಅದಕ್ಕೆ ಚಿಟಿಕೆ ಕಂದು ಬೆರೆಸಿ, ಅಗಲ ಬ್ರಷ್ಷಿನಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ. ಪಂಪು ಕಚಗುಳಿಗೆ ನಕ್ಕ. “ಅಲುಗಬೇಡ, ಪಟ್ಟೆ ಬೀಳುತ್ತೆ!” ಅಂದ ಮಾಮ. ಆಂಟಿ ನ್ಯೂಸ್‌ಪೇಪರಿನಲ್ಲಿ ಗಾಳಿ ಹಾಕಿದರು. ಎರಡು ಕೋಟು ಮುಗಿದಾಗ ಹೃದಯ ಮಾಯ, ಗೋಡೆಯಂಥ ಎದೆ.

“ನಾಲ್ಕು ಗಂಟೆ ಹೊತ್ತು ಒಣಗ್ಬೇಕು” ಅಂದ ಪೇಂಟರ್ ಮಾಮ. “ಅಲ್ಲೀವರೆಗೂ ಒರಗಬೇಡ, ಬೆವರಬೇಡ, ಉಸಿರು ಸ್ವಲ್ಪ ಸಣ್ಣದಾಗಿ ತಗೋ.”

ಆಗ ಗಂಟೆ ಒಂಬತ್ತೂ ಇಪ್ಪತ್ತು.

ಪಂಪು ಶರ್ಟಿನ ಗುಂಡಿ ಹಾಕಿ, ಎರಡು ಕೈಯನ್ನೂ ದೂರ ಹಿಡಿದು, ಒಣಗಲು ಹಾಕಿದ ಬಟ್ಟೆಯ ಹಾಗೆ ಬಸ್ ಹತ್ತಿದ. ಬಸ್ಸಿನಲ್ಲಿ ಜನ ಉಪ್ಪಿನಕಾಯಿ ಭರಣಿಯ ಹಾಗೆ ತುಂಬಿದ್ದರು. ಮುಂದಿನಿಂದ ಒಬ್ಬ ಒರಗಿದ, ಹಿಂದಿನಿಂದ ಒಬ್ಬ ಒತ್ತಿದ. ಬೆವರಬೇಡ ಅಂದಷ್ಟೂ ಬೆವರು ಬಂತು. ಶರ್ಟು ಎದೆಗೆ ಅಂಟಿತು. ಅಂಟಿದ್ದು ಬಿಡಲಿಲ್ಲ.

ಪರೀಕ್ಷೆಯ ಹಾಲ್‌ನಲ್ಲಿ ಕವಾಟ ಮೇಡಂ ಜೊತೆ ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರೊಬ್ಬರು ಕೂತಿದ್ದರು. ಬಿಳಿ ಹುಬ್ಬು, ಕತ್ತಿನಲ್ಲಿ ಹಳೆಯ ಸ್ಟೆತಸ್ಕೋಪು. ಹುಡುಗರು ಬಾಗಿಲಲ್ಲೇ ಅಜ್ಜ ಡಾಕ್ಟರು ಅಂತ ನಾಮಕರಣ ಮಾಡಿಯಾಗಿತ್ತು.

ಪಂಪುವನ್ನೊಬ್ಬನನ್ನೇ ಒಳಗೆ ಕರೆದು “ಶರ್ಟು ತೆಗಿ” ಅಂದರು ಮೇಡಂ.

“ಮೇಡಂ, ಸ್ವಲ್ಪ ಚಳಿ...”

“ತೆಗಿ.”

ಪಂಪು ಗುಂಡಿ ಬಿಚ್ಚಿ ಶರ್ಟು ಎಳೆದ. ಬರಲಿಲ್ಲ. ಕಣ್ಣು ಮುಚ್ಚಿ ಜೋರಾಗಿ ಎಳೆದ. ಪರ್ರ್ ಅಂತ ಸದ್ದಾಯಿತು. ಎರಡು ಕೋಟು ಬಿಸ್ಕತ್ತು ಬಣ್ಣ ಶರ್ಟಿನ ಜೊತೆಗೇ ಹಪ್ಪಳದ ಹಾಗೆ ಎದ್ದು ಬಂತು. ಕೆಂಪು ಎದೆಯ ಮೇಲೆ ಹೃದಯ, ನಾಲ್ಕು ಗುಂಡು, ಬಾಣಗಳ ಸಮೇತ, ಹೊಸ ಸಿನಿಮಾ ಪೋಸ್ಟರಿನ ಹಾಗೆ ಪ್ರತ್ಯಕ್ಷವಾಯಿತು.



“ಕಾಪಿ,” ಅಂದರು ಮೇಡಂ, ನಿಧಾನವಾಗಿ ಎದ್ದು. “ನನ್ನ ಸರ್ವೀಸಲ್ಲಿ ಎಂಥೆಂಥ ಕಾಪಿ ನೋಡಿದೀನಿ. ಕಾಪಿನೂ ತಪ್ಪು ಹೊಡೆಯೋನನ್ನ ಇವತ್ತೇ ನೋಡಿದ್ದು. ಬಲಗಡೆ ಬರ್ದಿದಾನೆ!”

ಪಂಪುವಿಗೆ ಮಾವನ ಸ್ಟೂಲು ಕಣ್ಣ ಮುಂದೆ ಗಿರ್ರನೆ ತಿರುಗಿತು.

“ಒಂದ್ನಿಮಿಷ ಮೇಡಂ” ಅಂದರು ಅಜ್ಜ ಡಾಕ್ಟರು. ಎದ್ದು ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಚಿತ್ರದ ಚೂಪು ತುದಿ ಅದುರುತ್ತಿತ್ತು. ಅಲ್ಲಿ ಅಂಗೈ ಇಟ್ಟರು. ಸ್ಟೆತಸ್ಕೋಪು ಎಡಕ್ಕಿಟ್ಟು ಕೇಳಿದರು, ಬಲಕ್ಕಿಟ್ಟು ಕೇಳಿದರು. ಹೊಟ್ಟೆಯ ಎರಡು ಕಡೆಯೂ ಬೆರಳಿನಿಂದ ತಟ್ಟಿದರು. ಆಮೇಲೆ ಹಬ್ಬದ ದಿನದ ಹುಡುಗನ ಹಾಗೆ ಮುಖ ಅರಳಿಸಿ ಮೇಡಂ ಕಡೆ ತಿರುಗಿದರು.

“ತಪ್ಪೇನಿಲ್ಲ. ಹೃದಯ ಇಲ್ಲೇ ಇದೆ.”

“ಅಂದ್ರೆ?”

“ಬಲಗಡೆ. ಲಿವರ್ರು ಎಡಗಡೆ. ಎಲ್ಲಾ ಕನ್ನಡೀಲಿ ನೋಡಿದ ಹಾಗೆ. ತಾಯಿ ಹೊಟ್ಟೇಲಿ ನಾಲ್ಕನೇ ವಾರದಲ್ಲಿ ಹೃದಯ ಒಂದು ನೆಟ್ಟಗಿನ ನಳಿಗೆ ಅಲ್ವಾ? ಉದ್ದ ಬೆಳೆಯುತ್ತೆ, ಜಾಗ ಸಾಲಲ್ಲ, ಬಾಗಲೇಬೇಕು. ನಮ್ಮೆಲ್ಲರದ್ದೂ ಬಲಕ್ಕೆ ಬಾಗಿ, ಕೊನೆಗೆ ತುದಿ ಎಡಕ್ಕೆ ಬಂದು ಕೂರುತ್ತೆ. ಇವನದ್ದು ಎಡಕ್ಕೆ ಬಾಗಿದೆ, ತುದಿ ಬಲಕ್ಕೆ ಕೂತಿದೆ. ಹೆದರಬೇಡ ಮರಿ, ಕೆಲಸ ಚೆನ್ನಾಗೇ ಮಾಡ್ತಿದೆ. ನೂರು ವರ್ಷ ಓಡುತ್ತೆ.”

“ಕಾಲೇಜಿಗೆ ಸೇರುವಾಗ ನಿನಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೋರು ಯಾರೋ?” ಅಂತ ಗುಡುಗಿದರು ಮೇಡಂ.

“ಅವರು ಫೋನಲ್ಲಿ ಮಾತಾಡ್ತಾ ಇದ್ರು ಮೇಡಂ. ಸ್ಟೆತಸ್ಕೋಪು ನನ್ನ ಜೇಬಲ್ಲಿದ್ದ ಬಾಚಣಿಗೆ ಮೇಲಿಟ್ಟು ‘ಫಸ್ಟ್ ಕ್ಲಾಸ್’ ಅಂದ್ರು.”

“ಮೇಡಂ, ನೀವು ಕಾಪಿ ಅಂದ್ರಲ್ಲ,” ಅಂದರು ಅಜ್ಜ ಡಾಕ್ಟರು. “ಪುಸ್ತಕ ನೋಡಿ ಬರೆದಿದ್ರೆ ಎಲ್ಲರ ಹಾಗೆ ಎಡಗಡೆ ಬರೀತಿದ್ದ. ಇವನು ತನ್ನ ಎದೆ ತಾನೇ ಮುಟ್ಟಿ ನೋಡಿ, ಎಲ್ಲಿ ಬಡಿಯುತ್ತೋ ಅಲ್ಲಿ ಬರೆದಿದ್ದಾನೆ. ಇದಕ್ಕೆ ಡಾಕ್ಟರಿಕೆ ಅನ್ನೋದು. ಹೌದೇನೋ?”

ಪಂಪು ಒಂದು ಕ್ಷಣ ಕನ್ನಡಿಯನ್ನು ನೆನೆದ. ಇನ್ನೊಂದು ಕ್ಷಣ ಸ್ಟೂಲನ್ನು ನೆನೆದ. “ಹೌದು ಸಾರ್” ಅಂದ.

“ಇವತ್ತು ಇವನೇ ಪ್ರಶ್ನೆಪತ್ರಿಕೆ!” ಅಂದುಬಿಟ್ಟರು ಅಜ್ಜ ಡಾಕ್ಟರು.

ಪಂಪುವನ್ನು ಟೇಬಲ್ಲಿನ ಮೇಲೆ ಮಲಗಿಸಿದರು. ಉಳಿದ ಹದಿನಾಲ್ಕು ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಎಲ್ಲರಿಗೂ ಒಂದೇ ಪ್ರಶ್ನೆ: “ಈ ಚಿತ್ರ ಸರಿಯೋ ತಪ್ಪೋ?” ಬಂದವರು ಬಂದವರೇ ಕಿಸಕ್ಕನೆ ನಕ್ಕು, “ತಪ್ಪು ಸಾರ್, ಹೃದಯ ಎಡಗಡೆ ಇರುತ್ತೆ” ಅಂದರು. ಮುಟ್ಟಿ ನೋಡಿದವರು ಮೂರೇ ಹುಡುಗಿಯರು. ಅವರಲ್ಲಿ ಒಬ್ಬಳು ಅಂಗೈ ಇಟ್ಟು, ಬೆಚ್ಚಿ, ಇನ್ನೊಮ್ಮೆ ಇಟ್ಟು, “ಸಾರ್... ಬಲಗಡೆನೇ ಇದೆ!” ಅಂದಳು. ಆ ಮೂವರೂ ಪಾಸು. ನಕ್ಕವರೆಲ್ಲ ಫೇಲು.

ಡೈಲಾಗು ಬಂದಾಗ ಅವನ ಗತ್ತೇ ಬೇರೆ. ಕನ್ನಡಿಯ ರಹಸ್ಯ ಗೊತ್ತಿದ್ದವನು ಅವನೊಬ್ಬನೇ ತಾನೇ?

“ಸಾರ್, ಈ ಚಿತ್ರ ಹುಟ್ಟಿದ ಗಳಿಗೆಯಿಂದ ನನಗೆ ಗೊತ್ತು! ಮುಟ್ಟೋ ಅಗತ್ಯ ಇಲ್ಲ, ಕೇಳೋ ಅಗತ್ಯ ಇಲ್ಲ. ಭೂಮಿ ತಿರುಗೋದು ನಿಂತ್ರೂ ಈ ಹೃದಯ ಇರೋದು ಎಡಗಡೆ!”

“ಭೂಮಿ ತಿರುಗ್ತಾ ಇರುತ್ತೆ. ನೀನು ಆ ಮೂಲೆಗೆ ಹೋಗಿ ಶರ್ಟು ಬಿಚ್ಚಿ ನಿಂತ್ಕೋ” ಅಂದರು ಅಜ್ಜ ಡಾಕ್ಟರು.

ಯಾಕೆಂದರೆ ಕೊನೆಗೆ ಪಂಪುವಿನ ಪರೀಕ್ಷೆ ಬಾಕಿ ಇತ್ತು, ಅದಕ್ಕೆ ಒಂದು ಎದೆ ಬೇಕಿತ್ತು.

ಪಂಪು ಟೇಬಲ್ಲಿನಿಂದ ಇಳಿದ. ನಾಲ್ಕು ಗಂಟೆ ಕಾಲ ಮಲಗಿಕೊಂಡು ಅವನು ಕೇಳಿದ್ದು ಒಂದೇ ಪಾಠ: ಎಡ ಅಂದ ಹನ್ನೊಂದು ಜನ ಫೇಲಾದರು, ಬಲ ಅಂದ ಮೂವರು ಪಾಸಾದರು. ಇಷ್ಟು ಸ್ಪಷ್ಟವಾಗಿ ಅವನಿಗೆ ಜೀವಮಾನದಲ್ಲಿ ಯಾವ ಪಾಠವೂ ಅರ್ಥವಾಗಿರಲಿಲ್ಲ.

“ಇವನ ಎದೆ ಮೇಲೆ ಹೃದಯ ಬರಿ ಮರಿ. ಬೆಳಿಗ್ಗೆ ನಿನ್ನ ಎದೆ ಮೇಲೆ ಬರೆದ್ಯಲ್ಲ, ಹಾಗೇ.”

ಹಾಲ್‌ನ ಪೆನ್ನು ಎಲ್ಲೋ ಉರುಳಿಹೋಗಿತ್ತು. ಪಂಪು ಶರ್ಟಿನ ಜೇಬಿಗೆ ಕೈಹಾಕಿ ಹಸಿರು ಮುಚ್ಚಳದ ಪೆನ್ನು ತೆಗೆದ. ಡೈಲಾಗಿನ ಮುಖ ಸುಣ್ಣ ಬಳಿದಂತಾಯಿತು. ಬಾಯಿ ತೆರೆದ, ಮುಚ್ಚಿದ, ತೆರೆದ. ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ಡೈಲಾಗು ಸಿಗಲಿಲ್ಲ.

ಪಂಪು ಬರೆದ. ಈ ಸಲ ಕನ್ನಡಿ ಬೇಕಾಗಲಿಲ್ಲ. ನಾಲ್ಕು ಚುಕ್ಕಿ, ನಾಲ್ಕು ಗುಂಡು, ಬಾಣಗಳು. ಒಂದು ಗೆರೆಯೂ ನಡುಗಲಿಲ್ಲ. ಎಲ್ಲ ಬಲಗಡೆಗೆ.

ಅಜ್ಜ ಡಾಕ್ಟರು ಎದ್ದು ಬಂದರು. ಡೈಲಾಗಿನ ಎಡ ಎದೆಯ ಮೇಲೆ ಅಂಗೈ ಇಟ್ಟರು. ಪಾಪ, ಅದು ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಮುಟ್ಟದೆಯೂ ಕಾಣುತ್ತಿತ್ತು. ಪಂಪುವಿನ ಕೈ ಹಿಡಿದು ಅಲ್ಲೇ ಇಡಿಸಿದರು.

“ಎಲ್ಲಿದೆ?”

“ಎಡ... ಎಡಗಡೆ, ಸಾರ್.”

“ಬೆಳಿಗ್ಗೆ ಮುಟ್ಟಿ ನೋಡಿ ಬರೆದವನು ಈಗ ಯಾಕೋ ಮುಟ್ಟಲಿಲ್ಲ?”

ಪಂಪು ಕಾಲಿನ ಹೆಬ್ಬೆರಳು ನೋಡಿಕೊಂಡ. ಮೇಡಂ ಪಟ್ಟಿಯ ಮೊದಲ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ಆ ಗೆರೆಯೂ ಅಳಿಸುವಂಥದ್ದಲ್ಲ.

ಈಗ ಪಂಪು ಮಾವನ ಸ್ಟೂಲಿನ ಮೇಲಿದ್ದಾನೆ. ಟ್ಯೂಬಿನ ವಾಲ್ವಿಗೆ ಉಗುಳು ಹಚ್ಚಿ, ಗುಳ್ಳೆ ಬರುತ್ತದಾ ಅಂತ ಎರಡೆರಡು ಸಲ ನೋಡುತ್ತಾನೆ. ಯಾವುದನ್ನೂ ಮುಟ್ಟದೆ ಒಪ್ಪುವುದಿಲ್ಲ. “ಕಾಲೇಜಲ್ಲಿ ಕವಾಟ ಚೆನ್ನಾಗಿ ಕಲಿಸಿದಾರೆ” ಅಂತ ಮಾವ ಗಿರಾಕಿಗಳ ಹತ್ತಿರ ಹೊಗಳುತ್ತಾರೆ.

ಸರಿ, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದಡದ ಮೇಲೆ ನಿಂತು ನೋಡಿದೆ ಅಂತ ಮೊದಲು ಹೇಳಿದೆನಲ್ಲ, ಅದು ಸುಳ್ಳು. ಆ ಡೈಲಾಗು ನಾನೇ. ಹಿಂದಿನ ದಿನ ಸಂಜೆ ಪಂಪು ಅಂಗಡಿಗೆ ಹೋಗಿದ್ದಾಗ ಮೈಮೇಲೆ ಬರೆಯುವ ಪೆನ್ನಿನ ಹಸಿರು ಮುಚ್ಚಳ ತೆಗೆದು ಡಬ್ಬದ ಮೇಲೆ ಬರೆಯುವ ಮಾರ್ಕರಿಗೆ ಹಾಕಿದವನೂ ನಾನೇ. ಹಾಲ್‌ನಲ್ಲಿ ಅದನ್ನು ಹೇಳಿಬಿಡಬಹುದಿತ್ತು. ಹೇಳಿದ್ದರೆ ನನ್ನದೇ ಕಾಪಿ ಕೇಸಾಗುತ್ತಿತ್ತು. ಆ ಪೆನ್ನು ಯಾವುದು ಅಂತ ಪಂಪುವಿಗೆ ಆಗ ಗೊತ್ತಿತ್ತಾ ಅಂತ ಎಷ್ಟೋ ಸಲ ಕೇಳಿದೆ. ಅವನು ಟ್ಯೂಬು ನೋಡುತ್ತ ನಗುತ್ತಾನೆ, ಅಷ್ಟೇ.

ಹದಿನೈದು ದಿನವಾಯಿತು. ನೀರು, ಸೋಪು, ಪೇಸ್ಟು, ಆಂಟಿಯ ಸ್ಟೀಲ್ ನಾರು ಎಲ್ಲ ಆಯಿತು. ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಪೇಂಟರ್ ಮಾಮ ಬಂದಿದ್ದಾನೆ, ಬ್ರಷ್ಷು ನೆನೆಸುತ್ತಿದ್ದಾನೆ. ಬಿಸ್ಕತ್ತು ಬಣ್ಣ ಮುಗಿದಿದೆಯಂತೆ, ಗೇಟಿಗೆ ತಂದ ಹಸಿರು ಮಾತ್ರ ಉಳಿದಿದೆಯಂತೆ.

“ಪರ್ವಾಗಿಲ್ವಾ ತಮ್ಮಾ?” ಅಂತ ಕೂಗುತ್ತಿದ್ದಾನೆ. “ಎರಡು ಕೋಟು ಬೇಕಾಗುತ್ತೆ!”